ನೆಗಡಿಯೂ ಊರಿನಿಂದ ತಂದ ಔಷಧಿಯ ಡಬ್ಬಿಯೂ



ಅಡಿಲೇಡಿಗೆ ಜೂನ್ ತಿಂಗಳು ಕಾಲಿಟ್ಟಿತೆಂದರೆ ಬ್ಲೇರ್ ಅಥಾಲಿನ ನಮ್ಮ ಮನೆಗಳಲ್ಲಿ ಸೀನು, ಕೆಮ್ಮು, ಸೋರುವ ಮೂಗುಗಳ ಕಾಲ ಪ್ರಾರಂಭವಾಗುತ್ತದೆ. ಅದರ ಹಿಂದೆಯೇ ಊರಿನಿಂದ ತಂದಿಟ್ಟ ಔಷಧಿಯ ಡಬ್ಬಿಯೂ ಹೊರಬರುತ್ತದೆ. ಅದರಲ್ಲಿ ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್ ಮಾತ್ರೆಗಳೂ ಅರ್ಧ ಖಾಲಿಯಾದ ಕೆಮ್ಮಿನ ಸಿರಪ್ಪುಗಳೂ ಇರುವುದು ಅಪರೂಪವಲ್ಲ. ಇಂದಿನ ನನ್ನ ಮಾತು ಮುಖ್ಯವಾಗಿ ಆ ಡಬ್ಬಿಯನ್ನು ಕುರಿತದ್ದು. ಆದರೆ ಮೊದಲು ನೆಗಡಿಯೆಂದರೇನು ಎಂಬುದನ್ನು ಅರಿಯಬೇಕಾಗುತ್ತದೆ.

ನೆಗಡಿಗೆ ಕಾರಣ ವೈರಾಣು. ಅದೂ ಒಂದಲ್ಲ, ಇನ್ನೂರಕ್ಕೂ ಮಿಕ್ಕಿ ಇವೆ. ಅವುಗಳಲ್ಲಿ ಮುಖ್ಯವಾದ ರೈನೋವೈರಸ್ ಒಂದರಲ್ಲೇ ನೂರೈವತ್ತಕ್ಕೂ ಹೆಚ್ಚು ಬಗೆಗಳುಂಟು. ಒಂದರ ವಿರುದ್ಧ ದೇಹ ಗಳಿಸಿದ ರಕ್ಷಣೆ ಮತ್ತೊಂದಕ್ಕೆ ಸಾಲದು. ಆದ್ದರಿಂದಲೇ ನೆಗಡಿಗೆ ಲಸಿಕೆ ಇಲ್ಲ; ಚೈಲ್ಡ್ ಕೇರಿಗೆ ಹೋಗುವ ಮಗುವಿಗೆ ವರ್ಷಕ್ಕೆ ಎಂಟು ಬಾರಿ ನೆಗಡಿಯಾದರೂ ಅದು ಸಹಜವೇ. "ನಮ್ಮ ಮಗುವಿಗೆ ಶಕ್ತಿಯೇ ಇಲ್ಲ, ಡಾಕ್ಟರೇ" ಎಂದು ಕಣ್ಣೀರಿಡುವ ತಾಯಂದಿರಿಗೆ, ಅದರಲ್ಲೂ ರಜೆಯೆಲ್ಲ ಮುಗಿದು ಕೆಲಸದ ಚಿಂತೆ ಹತ್ತಿದವರಿಗೆ, ನಾನು ಮೊದಲು ಹೇಳುವುದು ಇದನ್ನೇ.

ಥಂಡಿಗಾಳಿಯಿಂದ ನೆಗಡಿ ಬರುತ್ತದೆಯೇ? ಈ ಪ್ರಶ್ನೆಯನ್ನು ಸಾಲಿಸ್‌ಬರಿಯಲ್ಲಿ ಪರೀಕ್ಷಿಸಿದರು. ನಮ್ಮ ಅಡಿಲೇಡಿನ ಸಾಲಿಸ್‌ಬರಿಯಲ್ಲ, ಇಂಗ್ಲೆಂಡಿನದು. ಅಲ್ಲಿ 1946ರಿಂದ 1989ರವರೆಗೆ ನೆಗಡಿಗೆಂದೇ ಒಂದು ಸಂಶೋಧನಾ ಕೇಂದ್ರವಿತ್ತು. ಸ್ವಯಂಸೇವಕರನ್ನು ಬಿಸಿನೀರಿನ ಸ್ನಾನದ ನಂತರ ಒದ್ದೆ ಮೈಯಲ್ಲೇ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿದರು, ಒದ್ದೆ ಕಾಲುಚೀಲ ತೊಡಿಸಿದರು. ಮೂಗಿಗೆ ವೈರಾಣು ಬೀಳದೆ, ಕೇವಲ ಚಳಿಯಿಂದ ಯಾರಿಗೂ ನೆಗಡಿಯಾಗಲಿಲ್ಲ. ಚಳಿಗಾಲದಲ್ಲಿ ನಾವು ಕಿಟಕಿ ಮುಚ್ಚಿ, ಹೀಟರಿನ ಸುತ್ತ ಒಟ್ಟಾಗಿ ಕೂರುತ್ತೇವೆ. ವೈರಾಣು ಉಸಿರಿನಿಂದ ಉಸಿರಿಗೆ, ಕೈಯಿಂದ ಮೂಗಿಗೆ ಸುಲಭವಾಗಿ ದಾಟುತ್ತದೆ. ತಣ್ಣನೆಯ ಮೂಗಿನಲ್ಲಿ ಅದು ಚೆನ್ನಾಗಿ ವೃದ್ಧಿಯಾಗುತ್ತದೆ ಎಂಬುದೂ ನಿಜ. ಹೀಗಾಗಿ ಟೋಪಿ ಹಾಕಿಕೊಳ್ಳೆಂದು ಹೇಳುವ ಅಜ್ಜಿಯ ಮಾತನ್ನು ನಾನು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ.

ಈಗ ಡಬ್ಬಿಯ ವಿಚಾರ. ಅಮಾಕ್ಸಿಸಿಲಿನ್ ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಒಡೆದು ಅದನ್ನು ಕೊಲ್ಲುತ್ತದೆ. ಅಜಿತ್ರೋಮೈಸಿನ್ ಬ್ಯಾಕ್ಟೀರಿಯಾ ತನ್ನ ಪ್ರೋಟೀನು ತಯಾರಿಸುವುದನ್ನು ತಡೆಯುತ್ತದೆ. ವೈರಾಣುವಿಗೆ ಆ ಭಿತ್ತಿಯೂ ಇಲ್ಲ, ಆ ಕಾರ್ಖಾನೆಯೂ ಇಲ್ಲ. ಅದು ನಮ್ಮ ಜೀವಕೋಶದೊಳಗೆ ಹೊಕ್ಕು ನಮ್ಮ ಯಂತ್ರಗಳನ್ನೇ ಬಳಸಿಕೊಳ್ಳುತ್ತದೆ. ಈ ಪ್ರತಿಜೀವಕಗಳಿಗೆ ಅಲ್ಲಿ ಹೊಡೆಯಲು ಗುರಿಯೇ ಇಲ್ಲ. ಬದಲಾಗಿ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಭೇದಿಯಾಗುತ್ತದೆ, ಉಳಿದವು ಔಷಧಿಗೆ ಬಗ್ಗದಂತಾಗುತ್ತವೆ. ನಾಳೆ ನಿಜವಾದ ನ್ಯುಮೋನಿಯಾ ಬಂದಾಗ ಅದೇ ಔಷಧ ಕೈಕೊಡಬಹುದು. ಸಿಂಬಳ ಹಳದಿ ಹಸಿರಾಯಿತೆಂದೂ ಗಾಬರಿ ಬೇಡ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳದು. "ಜಿ.ಪಿ. ಏನೂ ಬರೆದುಕೊಡಲಿಲ್ಲ, ಬರಿಗೈಲಿ ಕಳಿಸಿದರು" ಎಂಬ ದೂರನ್ನು ನಾನು ಬಹಳ ಕೇಳಿದ್ದೇನೆ. ಚೀಟಿ ಬರೆಯುವುದಕ್ಕಿಂತ ಬರೆಯದಿರುವುದಕ್ಕೇ ಹೆಚ್ಚು ಸಮಯ, ಹೆಚ್ಚು ತಾಳ್ಮೆ ಬೇಕು.

ಕೆಮ್ಮಿನ ಸಿರಪ್ಪಿನ ವಿಷಯ ಇನ್ನೂ ಗಂಭೀರ. ಅಂಗಡಿಯಲ್ಲಿ ನೇರವಾಗಿ ದೊರೆಯುವ ನೆಗಡಿ ಕೆಮ್ಮಿನ ಔಷಧಿಗಳನ್ನು ಆರು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಆಸ್ಟ್ರೇಲಿಯಾ 2012ರಲ್ಲಿಯೇ ತೀರ್ಮಾನಿಸಿತು. ಉಪಯೋಗ ಕಾಣದು, ಅಪಾಯವುಂಟು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಅಸುನೀಗಿದರು. ಆ ಮಕ್ಕಳಿಗೂ ಬಂದದ್ದು ಸಾಮಾನ್ಯ ನೆಗಡಿ ಕೆಮ್ಮೇ.

ಹಾಗಾದರೆ ಮಾಡಬೇಕಾದ್ದೇನು? ವಿಶ್ರಾಂತಿ, ನೀರು, ಗಂಜಿ, ತಿಳಿಸಾರು. ಮೂಗು ಕಟ್ಟಿದರೆ ಉಪ್ಪುನೀರಿನ ಹನಿ. ಜ್ವರ, ಮೈನೋವಿಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್. ಮಕ್ಕಳಿಗೆ ಆಸ್ಪಿರಿನ್ ಸರ್ವಥಾ ಬೇಡ. ದೊಡ್ಡವರು ಶುಂಠಿ, ಮೆಣಸಿನ ಕಷಾಯ ಕುಡಿಯಲಿ, ಗಂಟಲಿಗೆ ಹಿತ. ರಾತ್ರಿಯ ಕೆಮ್ಮಿಗೆ ಜೇನುತುಪ್ಪ ಒಳ್ಳೆಯದು, ಆದರೆ ಒಂದು ವರ್ಷ ತುಂಬದ ಕೂಸಿಗೆ ನೆಕ್ಕಿಸಲೂಬಾರದು. ಕುದಿನೀರಿನ ಹಬೆ ಮಕ್ಕಳಿಗೆ ಬೇಡ. ಪಾತ್ರೆ ಉರುಳಿ ಸುಟ್ಟುಕೊಂಡವರುಂಟು. ನಾವು ನೀಲಗಿರಿ ಎನ್ನುವ ಮರದ ತವರು ಈ ಆಸ್ಟ್ರೇಲಿಯಾವೇ. ಆದರೂ ಅದರ ತೈಲ ಒಂದು ಚಮಚ ಹೊಟ್ಟೆಗೆ ಹೋದರೆ ಮಗುವಿಗೆ ಫಿಟ್ಸ್ ಬರಬಹುದು. ಕುಡಿದಿದೆಯೆಂದು ಅನುಮಾನ ಬಂದರೆ ತಕ್ಷಣ ವಿಷ ಮಾಹಿತಿ ಕೇಂದ್ರಕ್ಕೆ, 13 11 26ಕ್ಕೆ, ಫೋನ್ ಮಾಡಿ.

ನೆಗಡಿ ಏಳರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ, ಕೆಮ್ಮು ಮಾತ್ರ ಎರಡು ಮೂರು ವಾರ ಎಳೆಯಬಹುದು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮಗು ಏದುಸಿರು ಬಿಡುತ್ತಿದ್ದರೆ, ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಹಾಲು ನೀರು ಬಿಟ್ಟರೆ ಹಾಗೆಯೇ. ತುಟಿ ನೀಲಿಯಾದರೆ 000.

ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರ ಬಗೆಗೆ ಒಂದು ಮಾತು. ಕಟ್ಟಿದ ಮೂಗು ಬಿಡಿಸುವ ಸೂಡೋಎಫೆಡ್ರಿನ್‌ನಂತಹ ಮಾತ್ರೆಗಳು ರಕ್ತದೊತ್ತಡವನ್ನು ಏರಿಸಬಲ್ಲವು. ಫಾರ್ಮಸಿಯಲ್ಲಿ ಅವನ್ನು ಕೊಳ್ಳುವ ಮುನ್ನ, ಹಿರಿಯರು ನಿತ್ಯ ಸೇವಿಸುವ ಬಿ.ಪಿ. ಮಾತ್ರೆಗಳ ಹಾಳೆಯನ್ನು ಫಾರ್ಮಸಿಸ್ಟರಿಗೆ ತೋರಿಸಿರಿ.