ಕ್ರೀಡೆಗೊಪ್ಪುವ ಕೈಗಡಿಯಾರ: ಕೊಳ್ಳುವವರೂ ಮಾರುವವರೂ ಗಮನಿಸಬೇಕಾದ ಅಂಶಗಳು

ಕೈಗಡಿಯಾರದ ಹಿಂಬದಿಯ ಮುಚ್ಚಳದ ಮೇಲೆ ‘ವಾಟರ್ ರೆಸಿಸ್ಟೆಂಟ್ 30 ಮೀಟರ್’ ಎಂದು ಅಚ್ಚಾಗಿರುತ್ತದೆ. ಅದನ್ನು ಕಟ್ಟಿಕೊಂಡು ಮೂವತ್ತು ಮೀಟರ್ ಆಳದವರೆಗೂ ನೀರಿಗಿಳಿಯಬಹುದೆಂದು ಗ್ರಾಹಕರು ಭಾವಿಸುವುದು ಸಹಜ. ಆದರೆ ಈಜುಕೊಳಕ್ಕಿಳಿದ ಕೆಲವೇ ದಿನಗಳಲ್ಲಿ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ನೀರು ಹೊಕ್ಕ ಗಡಿಯಾರಕ್ಕೆ ವಾರಂಟಿ ಅನ್ವಯಿಸದೆಂದು ಸೇವಾ ಕೇಂದ್ರದವರು ಹೇಳುತ್ತಾರೆ. ಈಜಬಹುದೆಂದು ಅಂಗಡಿಯವರೇ ಹೇಳಿದ್ದರೆಂಬುದು ಗ್ರಾಹಕರ ವಾದ. ಇಂತಹ ತಕರಾರುಗಳ ಮೂಲ ಬಹುಪಾಲು ಗಡಿಯಾರದ ದೋಷದಲ್ಲಿಲ್ಲ, ಮಾರಾಟದ ವೇಳೆ ಆ ಸಂಖ್ಯೆಯ ಅರ್ಥವನ್ನು ಯಾರೂ ವಿವರಿಸದಿರುವುದರಲ್ಲಿದೆ.

ಕೈಗಡಿಯಾರದ ಉದ್ಯಮ ಕರ್ನಾಟಕಕ್ಕೆ ಹೊಸತಲ್ಲ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಎಚ್‌ಎಂಟಿ ತನ್ನ ಗಡಿಯಾರ ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಆರಂಭಿಸಿದ್ದು 1961ರಲ್ಲಿ. ಅಂದಿನ ಗ್ರಾಹಕರು ಕೇಳುತ್ತಿದ್ದುದು ಸರಿಯಾದ ಸಮಯ ಮತ್ತು ದೀರ್ಘ ಬಾಳಿಕೆಯನ್ನು. ಇಂದು ಓಟ, ಈಜು, ಸೈಕಲ್ ಸವಾರಿ, ಚಾರಣಗಳಿಗೆಂದೇ ಪ್ರತ್ಯೇಕ ಗಡಿಯಾರ ಕೊಳ್ಳುವವರಿದ್ದಾರೆ. ಆದ್ದರಿಂದ ಬೆಲೆ ಮತ್ತು ಅಂದಕ್ಕಿಂತ ಮೊದಲು ಬಳಕೆ ಯಾವುದೆಂದು ನಿಶ್ಚಯಿಸುವುದು ಸೂಕ್ತ.

ಮೀಟರ್ ಸೂಚಿಸುವುದು ಒತ್ತಡವನ್ನು

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ಬಾರ್‌ನಷ್ಟು ಒತ್ತಡ ಹೆಚ್ಚುತ್ತದೆ. ‘30 ಮೀಟರ್’, ‘3 ಬಾರ್’, ‘3 ಎಟಿಎಂ’ ಇವೆಲ್ಲ ಹೆಚ್ಚುಕಡಿಮೆ ಒಂದೇ. ಇದು ಪ್ರಯೋಗಾಲಯದಲ್ಲಿ, ಹೊಸ ಗಡಿಯಾರದ ಮೇಲೆ, ನಿಶ್ಚಲ ಸ್ಥಿತಿಯಲ್ಲಿ ಪ್ರಯೋಗಿಸಿದ ಒತ್ತಡದ ಅಳತೆ. ನೀರಿಗೆ ಧುಮುಕುವ ಹೊಡೆತ, ಬಿಸಿನೀರು, ಸೋಪು, ಗ್ಯಾಸ್ಕೆಟ್ ಎಂಬ ರಬ್ಬರ್ ಬಳೆಯ ಸವೆತ ಇವು ದಿನನಿತ್ಯದ ಬಳಕೆಯಲ್ಲಿ ಸೇರಿಕೊಳ್ಳುತ್ತವೆ.

ರೂಢಿಯಲ್ಲಿರುವ ಅರ್ಥ ಹೀಗಿದೆ. 30 ಮೀಟರ್ ಎಂದರೆ ಕೈತೊಳೆಯುವ ನೀರು ಹಾಗೂ ಮಳೆಹನಿಗಳಿಗೆ ಸಾಕು. 50 ಮೀಟರ್ ಇದ್ದರೆ ಸಾಧಾರಣ ಈಜಿಗೆ ಅನೇಕ ತಯಾರಕರು ಒಪ್ಪುತ್ತಾರೆ, ಆದರೂ ಕೈಪಿಡಿಯನ್ನು ನೋಡುವುದು ಅವಶ್ಯ. ನಿಯಮಿತವಾಗಿ ಈಜುವವರು 100 ಮೀಟರ್‌ಗಿಂತ ಕಡಿಮೆಯದನ್ನು ಕೊಳ್ಳದಿರುವುದು ಲೇಸು. ಸ್ಕೂಬಾ ಮುಳುಗುವಿಕೆಗೆ ಐಎಸ್‌ಒ 6425 ಮಾನಕಕ್ಕೆ ಒಳಪಟ್ಟ ಡೈವರ್ಸ್ ಗಡಿಯಾರವೇ ಬೇಕು. ಸಾಮಾನ್ಯ ಗಡಿಯಾರಗಳ ಐಎಸ್‌ಒ 22810 ಮಾನಕದಡಿ ಮಾದರಿ ತಪಾಸಣೆ ಸಾಕಾದರೆ, ಡೈವರ್ಸ್ ಗಡಿಯಾರಗಳಲ್ಲಿ ಪ್ರತಿಯೊಂದನ್ನೂ ನಮೂದಿತ ಒತ್ತಡಕ್ಕಿಂತ ಶೇ. 25ರಷ್ಟು ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಬೇಕಾಗುತ್ತದೆ. ಬೆಲೆಯ ವ್ಯತ್ಯಾಸಕ್ಕೆ ಇದೂ ಒಂದು ಕಾರಣ.

ಪೆಟ್ಟು, ಬೆವರು ಮತ್ತು ಗಾಜು

ಆಘಾತ ನಿರೋಧಕತೆಯನ್ನು ಸೂಚಿಸುವ ಐಎಸ್‌ಒ 1413 ಮಾನಕವು ಒಂದು ಮೀಟರ್ ಎತ್ತರದಿಂದ ಗಟ್ಟಿಮರದ ನೆಲಕ್ಕೆ ಬೀಳುವಷ್ಟು ಪೆಟ್ಟನ್ನು ಆಧರಿಸಿದೆ. ಇದಕ್ಕಿಂತ ಬಹಳ ಹೆಚ್ಚಿನ ಗುರಿಯಿಟ್ಟು ಕ್ಯಾಸಿಯೊ ಸಂಸ್ಥೆಯು 1983ರಲ್ಲಿ ಜಿ-ಶಾಕ್ ಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಎಂಜಿನಿಯರ್ ಕಿಕುವೊ ಇಬೆ ಅವರ ಗುರಿ ಮೂರು ಹತ್ತುಗಳಾಗಿದ್ದವು: 10 ಮೀಟರ್ ಎತ್ತರದಿಂದ ಬಿದ್ದರೂ ತಾಳುವುದು, 10 ಬಾರ್ ನೀರಿನ ಒತ್ತಡ, 10 ವರ್ಷಗಳ ಬ್ಯಾಟರಿ.

ಟೆನಿಸ್, ಕ್ರಿಕೆಟ್, ಗಾಲ್ಫ್‌ಗಳಲ್ಲಿ ಮಣಿಕಟ್ಟಿಗೆ ಪದೇ ಪದೇ ಪೆಟ್ಟು ಬೀಳುವುದರಿಂದ ಸೂಕ್ಷ್ಮ ಚಕ್ರಗಳ ಯಾಂತ್ರಿಕ ಗಡಿಯಾರಕ್ಕಿಂತ ಕ್ವಾರ್ಟ್ಜ್ ಗಡಿಯಾರ ಮೇಲು. ಚರ್ಮದ ಪಟ್ಟಿ ಬೆವರಿಗೆ ಬೇಗ ಹಾಳಾಗುತ್ತದೆ. ಸಿಲಿಕೋನ್ ಅಥವಾ ಪಾಲಿಯುರಿಥೇನ್ ಪಟ್ಟಿಯನ್ನು ತೊಳೆದು ಒರೆಸಿದರಾಯಿತು. ಸಫೈರ್ ಗಾಜಿಗೆ ಗೀರು ಬೀಳುವುದು ಕಡಿಮೆ, ಆದರೆ ಬಲವಾದ ಪೆಟ್ಟಿಗೆ ಅದು ಸಿಡಿಯಬಹುದು. ಆದುದರಿಂದ ದುಬಾರಿ ಗಾಜು ಕ್ರೀಡೆಗೆ ಅನಿವಾರ್ಯವೇನಲ್ಲ.

ಸ್ಮಾರ್ಟ್‌ವಾಚ್ ಕೊಳ್ಳುವಾಗ

ಓಟಗಾರರು ಜಿಪಿಎಸ್ ಇರುವ ಗಡಿಯಾರವನ್ನು ಬಯಸುತ್ತಾರೆ. ಜಾಹೀರಾತಿನಲ್ಲಿ ಕಾಣುವ ‘ಹಲವು ದಿನಗಳ ಬ್ಯಾಟರಿ’ ಎಂಬುದು ಸಾಮಾನ್ಯ ಬಳಕೆಯ ಲೆಕ್ಕ. ಕೇಳಬೇಕಾದುದು ಜಿಪಿಎಸ್ ಚಾಲನೆಯಲ್ಲಿದ್ದಾಗ ಎಷ್ಟು ಗಂಟೆ ಎಂದು. ‘ಐಪಿ68’ ಎಂಬ ಗುರುತಿನಲ್ಲಿ 6 ಧೂಳು ನಿರೋಧವನ್ನೂ, 8 ತಯಾರಕರು ಘೋಷಿಸಿದ ಷರತ್ತುಗಳ ಮೇಲೆ ನೀರಿನಲ್ಲಿ ಮುಳುಗಿಸುವುದನ್ನೂ ಸೂಚಿಸುತ್ತವೆ. ಈಜಿಗೆ ಎಟಿಎಂ ಗುರುತನ್ನೂ ನೋಡಬೇಕು. ಹಸಿರು ಬೆಳಕಿನಿಂದ ನಾಡಿ ಬಡಿತ ಅಳೆಯುವ ಸಾಧನವು ಪಟ್ಟಿ ಸಡಿಲವಾಗಿದ್ದರೆ ತಪ್ಪು ಸಂಖ್ಯೆ ತೋರಿಸಬಹುದು. ಅದನ್ನು ವೈದ್ಯಕೀಯ ತಪಾಸಣೆಗೆ ಬದಲಿಯೆಂದು ಮಾರುವುದು ಸರಿಯಲ್ಲ.

ಕಾನೂನು ಮತ್ತು ತೆರಿಗೆ

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 2(47)ನೇ ಕಲಮಿನ ಪ್ರಕಾರ ಸರಕಿನ ಗುಣಮಟ್ಟದ ಬಗ್ಗೆ ತಪ್ಪು ಹೇಳಿಕೆ ನೀಡುವುದು ಅನುಚಿತ ವ್ಯಾಪಾರ ಪದ್ಧತಿ. ಆ ಹೇಳಿಕೆ ಬರಹದಲ್ಲಿರಬೇಕೆಂದಿಲ್ಲ, ಬಾಯಿಮಾತೂ ಸಾಕು. ಸಮರ್ಪಕ ಪರೀಕ್ಷೆಯ ಆಧಾರವಿಲ್ಲದೆ ಬಾಳಿಕೆಯ ಭರವಸೆ ಕೊಡುವುದೂ, ಬಿಲ್ಲು ನೀಡದಿರುವುದೂ ಇದೇ ಕಲಮಿನ ವ್ಯಾಪ್ತಿಗೆ ಬರುತ್ತವೆ. ಆದ್ದರಿಂದ ‘ಧಾರಾಳವಾಗಿ ಈಜಿ’ ಎಂಬ ಕೌಂಟರಿನ ಮಾತಿಗೂ ಮಾಲೀಕರು ಉತ್ತರ ಕೊಡಬೇಕಾದೀತು.

ಕೈಗಡಿಯಾರದ ಮೇಲಿನ ಜಿಎಸ್‌ಟಿಯು 2017ರ ನವೆಂಬರ್‌ನಲ್ಲಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಸಾಧಾರಣ ಕೈಗಡಿಯಾರ 9102ನೇ ಶೀರ್ಷಿಕೆಗೂ, ಸಂಪರ್ಕ ಸಾಧನವೆಂದು ಪರಿಗಣಿತವಾದ ಸ್ಮಾರ್ಟ್‌ವಾಚ್ 8517ನೇ ಶೀರ್ಷಿಕೆಗೂ ಸೇರುವುದರಿಂದ ಬಿಲ್ಲಿನಲ್ಲಿ ಸರಿಯಾದ ಸಂಕೇತ ಸಂಖ್ಯೆಯಿರಬೇಕು. ಸಿಬ್ಬಂದಿಗೋ ವಿತರಕರಿಗೋ ಉಡುಗೊರೆಯಾಗಿ ಕೊಡಲು ಗಡಿಯಾರ ಖರೀದಿಸುವ ಸಂಸ್ಥೆಗಳು ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನಂತೆ ಉಡುಗೊರೆಯ ಸರಕಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯದೆಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವ್ಯಾಪಾರಸ್ಥರು ಅನುಸರಿಸಬಹುದಾದ ಕ್ರಮ

ಬಿಲ್ಲಿನ ಮೇಲೆ ಮಾದರಿ ಸಂಖ್ಯೆಯೊಂದಿಗೆ ‘ಮಳೆ ಹನಿಗೆ ಮಾತ್ರ’ ಅಥವಾ ‘ಈಜಿಗೆ ಯೋಗ್ಯ’ ಎಂದು ತಯಾರಕರ ಕೈಪಿಡಿಗೆ ಅನುಗುಣವಾಗಿ ಕನ್ನಡದಲ್ಲಿ ಒಂದು ಸಾಲು ಬರೆದುಕೊಡುವುದಕ್ಕೆ ಖರ್ಚಿಲ್ಲ. ನೀರಿನಲ್ಲಿರುವಾಗ ಗುಂಡಿಗಳನ್ನು ಒತ್ತಬಾರದು, ಉಪ್ಪುನೀರಿನಿಂದ ಹೊರಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು ಎಂಬುದನ್ನೂ ತಿಳಿಸಬೇಕು. ಬ್ಯಾಟರಿ ಬದಲಿಸಲು ಮುಚ್ಚಳ ತೆಗೆದಾಗಲೆಲ್ಲ ಗ್ಯಾಸ್ಕೆಟ್ ಪರಿಶೀಲಿಸಿ, ಅವಶ್ಯವಿದ್ದರೆ ಬದಲಾಯಿಸಿ, ಒತ್ತಡ ಪರೀಕ್ಷೆ ಮಾಡಿಸುವುದು ಒಳಿತು. ಅದಿಲ್ಲದೆ ಹಿಂದಿರುಗಿಸಿದ ಗಡಿಯಾರದ ಮೇಲೆ 100 ಮೀಟರ್ ಎಂದಿದ್ದರೂ ಅದನ್ನು ನಂಬಿ ನೀರಿಗಿಳಿಯುವಂತಿಲ್ಲ. ಪರೀಕ್ಷೆಯ ಸೌಲಭ್ಯವಿಲ್ಲದ ಅಂಗಡಿಯವರು ಆ ಮಾತನ್ನು ರಸೀದಿಯಲ್ಲೇ ನಮೂದಿಸಿ, ಗ್ರಾಹಕರನ್ನು ಅಧಿಕೃತ ಸೇವಾ ಕೇಂದ್ರಕ್ಕೆ ಕಳುಹಿಸುವುದು ಉಭಯತರಿಗೂ ಕ್ಷೇಮ.