ಬೇಕೆಂದೇ ಕೆಡಿಸಿದ ಸರೋವರಗಳು

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಯವ್ಯ ಭಾಗದ ಕಾಡಿನಲ್ಲಿ, ಹೆಸರಿಗಿಂತ ನಂಬರಿನಿಂದಲೇ ಪರಿಚಿತವಾದ 58 ಪುಟ್ಟ ಸರೋವರಗಳಿವೆ. ಎಕ್ಸ್‌ಪೆರಿಮೆಂಟಲ್ ಲೇಕ್ಸ್ ಏರಿಯಾ ಎಂಬ ಸಂಶೋಧನಾ ಕೇಂದ್ರ ಇಲ್ಲಿ ಶುರುವಾದದ್ದು 1968ರಲ್ಲಿ. ಅದರ ಕೆಲಸ ಕೇಳಿದವರು ಹುಬ್ಬೇರಿಸುವುದು ಸಹಜ. ತಿಳಿನೀರಿನ ಸರೋವರಗಳಿಗೆ ವಿಜ್ಞಾನಿಗಳು ಇಲ್ಲಿ ಬೇಕೆಂದೇ ಗೊಬ್ಬರ ಹಾಕಿದ್ದಾರೆ, ಆಮ್ಲ ಸುರಿದಿದ್ದಾರೆ, ಪಾದರಸವನ್ನೂ ಬೆರೆಸಿದ್ದಾರೆ. ಆದರೂ ಸಿಹಿನೀರನ್ನು ಕಾಪಾಡುವ ವಿದ್ಯೆಗೆ ಈ ಕೆಡಿಸುವ ಕೆಲಸದಷ್ಟು ಒದಗಿಬಂದದ್ದು ಕಡಿಮೆ ಎಂದೇ ನನ್ನ ಅಭಿಪ್ರಾಯ. ಬಾಟಲಿಯಲ್ಲಿಟ್ಟ ನೀರು ಹೇಳುವುದೆಲ್ಲ ಸರೋವರದ ಮಟ್ಟಿಗೆ ನಿಜವಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು.

1960ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾ ನಡುವಿನ ಈರಿ ಸರೋವರ ಪಾಚಿಗಟ್ಟಿ 'ಸತ್ತ ಸರೋವರ' ಎನಿಸಿಕೊಂಡಿತ್ತು. ಬಟ್ಟೆ ಒಗೆಯುವ ಪುಡಿಯಲ್ಲಿರುವ ರಂಜಕ, ಅಂದರೆ ಫಾಸ್ಫರಸ್, ಇದಕ್ಕೆ ಮುಖ್ಯ ಕಾರಣವೆಂದು ಹಲವರು ಹೇಳಿದರು. ಪುಡಿ ತಯಾರಕರು ಒಪ್ಪಲಿಲ್ಲ. ಪಾಚಿಯ ಬೆಳವಣಿಗೆಯನ್ನು ತೀರ್ಮಾನಿಸುವುದು ಇಂಗಾಲ, ತಮ್ಮ ಸರಕಿನ ಮೇಲೇಕೆ ಗೂಬೆ ಕೂರಿಸುತ್ತೀರಿ ಎಂಬುದು ಅವರ ವಾದ. ಅದು ಬರೀ ಹಠವಾಗಿರಲಿಲ್ಲ; ಬಾಟಲಿಗಳಲ್ಲಿ ನಡೆದ ಪರೀಕ್ಷೆಗಳು ಅವರ ಬೆನ್ನಿಗಿದ್ದವು. ಈ ಕೇಂದ್ರದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಅವರ ತಂಡ ಇಂಗಾಲ ತೀರಾ ಕಡಿಮೆಯಿದ್ದ 227ನೇ ಸರೋವರವನ್ನು ಆರಿಸಿಕೊಂಡು, 1969ರಿಂದ ಅದಕ್ಕೆ ರಂಜಕ ಮತ್ತು ಸಾರಜನಕಗಳನ್ನಷ್ಟೇ ಹಾಕುತ್ತಾ ಬಂತು. ಪಾಚಿ ಹುಲುಸಾಗಿ ಬೆಳೆಯಿತು. ಬೇಕಾದ ಇಂಗಾಲವನ್ನು ಗಾಳಿಯೇ ಪೂರೈಸುತ್ತಿತ್ತು. ಮುಚ್ಚಿದ ಬಾಟಲಿಯಲ್ಲಿ ಆ ದಾರಿ ಇರಲಿಲ್ಲ. 1973ರಲ್ಲಿ ಇನ್ನೂ ನೇರವಾದ ಪ್ರಯೋಗ ನಡೆಯಿತು. ನಡುವೆ ಕಿರಿದಾಗುವ 226ನೇ ಸರೋವರಕ್ಕೆ ಅಡ್ಡಲಾಗಿ ಪರದೆ ಇಳಿಬಿಟ್ಟು ಎರಡು ಭಾಗ ಮಾಡಿದರು. ಒಂದು ಕಡೆಗೆ ಇಂಗಾಲ, ಸಾರಜನಕ. ಇನ್ನೊಂದು ಕಡೆಗೆ ಅವೆರಡರ ಜತೆಗೆ ರಂಜಕ. ಆ ಬೇಸಿಗೆಯಲ್ಲೇ ವಿಮಾನದಿಂದ ತೆಗೆದ ಚಿತ್ರದಲ್ಲಿ ಪರದೆಯ ಒಂದು ಬದಿ ಕಪ್ಪು ನೀರು, ಮತ್ತೊಂದು ಬದಿ ದಟ್ಟ ಹಸಿರು. ಕೆನಡಾ ಆ ಹೊತ್ತಿಗಾಗಲೇ ಪುಡಿಯಲ್ಲಿನ ರಂಜಕಕ್ಕೆ ಮಿತಿ ಹಾಕತೊಡಗಿತ್ತು. ಕೋಷ್ಟಕ ಓದಲು ಪುರುಸೊತ್ತಿಲ್ಲದ ಶಾಸಕರಿಗೂ ವಿಷಯ ಮುಟ್ಟಿಸಿದ್ದು ಮಾತ್ರ ಈ ಚಿತ್ರವೇ.

ಆಮ್ಲಮಳೆಯ ವಿಷಯದಲ್ಲೂ ಪ್ರಯೋಗಾಲಯದ ತೊಟ್ಟಿ ಅರ್ಧ ಸತ್ಯವನ್ನಷ್ಟೇ ಹೇಳಿತ್ತು. ಮೀನನ್ನು ಆಮ್ಲದ ನೀರಿನಲ್ಲಿ ಬಿಟ್ಟು ಅದು ಯಾವಾಗ ಸಾಯುತ್ತದೆಂದು ನೋಡಬಹುದು. ಅದು ತಿನ್ನುವುದಕ್ಕೆ ಏನಾಯಿತೆಂದು ಹಾಗೆ ತಿಳಿಯದು. 223ನೇ ಸರೋವರಕ್ಕೆ 1976ರಿಂದ ವರ್ಷವರ್ಷವೂ ಆಮ್ಲ ಸೇರಿಸುತ್ತಾ ಹೋದಾಗ, ಪಿಎಚ್ 6ಕ್ಕಿಂತ ತುಸು ಕೆಳಗಿಳಿಯುವಷ್ಟರಲ್ಲೇ ಸಿಗಡಿಯಂಥ ಸಣ್ಣ ಜೀವಿಗಳೂ ಕಿರುಮೀನುಗಳೂ ಅಳಿಯತೊಡಗಿದವು. ದೊಡ್ಡ ಟ್ರೌಟ್ ಮೀನುಗಳು ಬದುಕಿದ್ದವು, ಆದರೆ ಹೊಟ್ಟೆಗಿಲ್ಲದೆ ತಲೆ ದೊಡ್ಡದಾಗಿ ಕಾಣುವಷ್ಟು ಬಡಕಲಾದವು. ಆಮ್ಲ ಅವನ್ನು ನೇರವಾಗಿ ಕೊಲ್ಲುವ ಮೊದಲೇ ಹಸಿವು ಆ ಕೆಲಸಕ್ಕೆ ಕೈಹಾಕಿತ್ತು. ಮುಂದೆ 2001ರಿಂದ ಮೂರು ಬೇಸಿಗೆ, ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಈಸ್ಟ್ರೋಜನ್ನನ್ನು 260ನೇ ಸರೋವರಕ್ಕೆ ಹಾಕಿದರು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಗಂಡು ಕಿರುಮೀನುಗಳಲ್ಲಿ ಹೆಣ್ಣಿನ ಲಕ್ಷಣ ಮೂಡಿ, ಅವುಗಳ ಸಂತತಿ ಬಹುತೇಕ ಕುಸಿದುಬಿತ್ತು. ಹಾಕುವುದು ನಿಂತ ಕೆಲವು ವರ್ಷಗಳ ನಂತರ ಚೇತರಿಸಿಕೊಂಡಿತು.

ಚೆನ್ನಾಗಿದ್ದ ಸರೋವರವನ್ನು ಕೆಡಿಸುವ ಹಕ್ಕನ್ನು ಯಾರು ಕೊಟ್ಟರು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಪ್ರಯೋಗ ಮುಗಿದ ಸರೋವರವನ್ನು ಮೊದಲಿನ ಸ್ಥಿತಿಗೆ ತರಬೇಕೆಂಬ ಕಟ್ಟುಪಾಡು ಕೇಂದ್ರಕ್ಕಿದೆ. ಅದಿಲ್ಲದಿದ್ದರೂ, ಒಂದು ಸಣ್ಣ ಸರೋವರದಲ್ಲಿ ಅಳತೆಯಿಟ್ಟು ಮಾಡಿದ ಹಾನಿಗಿಂತ ನಾವು ಸಾವಿರಾರು ಕೆರೆಗಳಲ್ಲಿ ಲೆಕ್ಕವಿಲ್ಲದೆ ಮಾಡುತ್ತಿರುವ 'ಪ್ರಯೋಗ' ದೊಡ್ಡ ಅನ್ಯಾಯ. ಒಂದೇ ಸರೋವರ ನೋಡಿ ತೀರ್ಪು ಕೊಡಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಏನನ್ನೂ ಬೆರೆಸದ ನೆರೆಯ ಸರೋವರಗಳನ್ನು ದಶಕಗಳಿಂದ ಅಳೆಯುತ್ತಾ ಬಂದಿರುವುದು ಹೋಲಿಕೆಗೆಂದೇ. ಗಟ್ಟಿ ಆಕ್ಷೇಪ ಸಾರಜನಕದ್ದು: ರಂಜಕದ ಜತೆಗೆ ಅದನ್ನೂ ತಡೆಯಬೇಡವೇ ಎಂಬುದು. 1990ರಿಂದ 227ನೇ ಸರೋವರಕ್ಕೆ ಸಾರಜನಕ ಹಾಕುವುದನ್ನು ಬಿಟ್ಟರೂ ಪಾಚಿ ತಗ್ಗಲಿಲ್ಲ. ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನೇ ಹಿಡಿದುಕೊಂಡಿತು. ಹಾಗೆಂದು ಎಲ್ಲ ನೀರಿಗೂ ಇದೇ ನಿಯಮವೆನ್ನುವಂತಿಲ್ಲ, ಅಳಿವೆಗಳಲ್ಲಿ ಸಾರಜನಕವನ್ನೂ ತಡೆಯಬೇಕೆಂಬ ವಾದಕ್ಕೆ ಆಧಾರವಿದೆ. ಇಂಥ ತಕರಾರು ಬಗೆಹರಿಯಲು ದೀರ್ಘಕಾಲದ ದಾಖಲೆ ಬೇಕು. ಖರ್ಚಿನ ನೆಪವೊಡ್ಡಿ 2012ರಲ್ಲಿ ಕೆನಡಾ ಸರ್ಕಾರ ಈ ಕೇಂದ್ರದಿಂದ ಕೈತೊಳೆದುಕೊಳ್ಳಲು ಹೊರಟದ್ದು ಅದಕ್ಕೇ ಮಂಕುತನದ ನಿರ್ಧಾರ. 2014ರಲ್ಲಿ ವಿನಿಪೆಗ್‌ನ ಒಂದು ಸರ್ಕಾರೇತರ ಸಂಸ್ಥೆ ಅದನ್ನು ವಹಿಸಿಕೊಂಡಿತು.

ಚಳಿಗಾಲವಿಡೀ ಮಂಜುಗಟ್ಟುವ ಸರೋವರಗಳ ಪಾಠ ಬೆಂಗಳೂರಿನ ಕೆರೆಗೆ ಅನ್ವಯಿಸುತ್ತದೆಯೇ? ಅಂಕಿಗಳು ಅನ್ವಯಿಸವು. ನಮ್ಮವು ಮನುಷ್ಯರು ಕಟ್ಟಿದ, ಆಳ ಕಡಿಮೆಯ, ಬೆಚ್ಚಗಿನ ನೀರಿನ ಕೆರೆಗಳು. ಕೊಳಚೆ ವರ್ಷವಿಡೀ ಹರಿದುಬರುತ್ತದೆ, ಹೂಳಿನಲ್ಲಿ ಕೂತ ರಂಜಕ ಮತ್ತೆ ಮೇಲೇಳುತ್ತದೆ. ಕಾರಣ ಹುಡುಕುವ ಕ್ರಮ ಮಾತ್ರ ಇಲ್ಲಿಗೂ ಸಲ್ಲುತ್ತದೆ. ಬೆಳ್ಳಂದೂರು ಕೆರೆಯ ನೊರೆ ಸುದ್ದಿಯಾಯಿತು. ಆದರೆ ನೊರೆಯೆಬ್ಬಿಸುವುದು ಡಿಟರ್ಜೆಂಟಿನ ಒಂದು ಅಂಶ, ಅಂತರಗಂಗೆ ಕಳೆಗೆ ಉಣಿಸುವುದು ರಂಜಕ, ಸಾರಜನಕಗಳು. ನೊರೆ ಕರಗಿಸಿದರೆ ಕಳೆ ಹೋಗದು, ಯಂತ್ರ ತರಿಸಿ ಕಳೆ ತೆಗೆದರೂ ಅದರ ಆಹಾರ ಒಳಬರುವುದು ನಿಲ್ಲದು. ಸಾಮಾನ್ಯ ಶುದ್ಧೀಕರಣ ಘಟಕಗಳು ಕೊಳೆಯುವ ವಸ್ತುವನ್ನು ಬಹುಪಾಲು ತೆಗೆದರೂ, ರಂಜಕ ಪೂರ್ತಿ ಹೋಗಲು ಬೇರೆಯೇ ಹಂತ ಬೇಕು. ಶುದ್ಧೀಕರಿಸಿದ ನೀರನ್ನು ಕೆರೆಗೆ ಬಿಡುತ್ತೇವೆ ಎಂದು ಅಧಿಕಾರಿಗಳು ಹೇಳಿದಾಗ, ಅದರಲ್ಲಿ ಲೀಟರಿಗೆ ಎಷ್ಟು ರಂಜಕ ಉಳಿದಿದೆ ಎಂದು ಮೊದಲು ಕೇಳಬೇಕು.