ಕೈಯುಳಿ, ಕತ್ತಿ, ಅಡಿಗೂಂಟ

ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಮೂರು ಉಪಕರಣಗಳು ಒಟ್ಟಿಗೆ ಬಂದಿವೆ. ಇವನ್ನು ಚರ್ಮಕಾರನ ಸಲಕರಣೆಗಳೆಂದಷ್ಟೇ ಹೇಳಿ ಮುಂದುವರಿಯುವುದು ವಾಡಿಕೆ. ಆದರೆ ಮೂರರ ವ್ಯಾಪಾರವೂ ಬೇರೆ ಬೇರೆ. ತೊಗಲಿನ ಅಂಚನ್ನು ಓರೆಯಾಗಿ ಹೆರೆಯುವ ಕೆಲಸವನ್ನು ನೋಡಿದರೆ ಇದು ವಿಶದವಾಗುತ್ತದೆ.

ಎರಡು ತೊಗಲುಗಳನ್ನು ಒಂದರ ಮೇಲೊಂದಿರಿಸಿ ಹೊಲಿಯುವಾಗ ಅಂಚುಗಳನ್ನು ಮೊದಲು ತೆಳುಮಾಡದಿದ್ದರೆ ಕೂಡಿದೆಡೆಯು ಉಬ್ಬಿ ನಿಲ್ಲುವುದು; ಮಿತಿಮೀರಿ ತೆಳುಮಾಡಿದರೆ ಹೊಲಿಗೆಯ ಬಳಿ ಹರಿಯುವುದು. ಇದಕ್ಕೆ ಅಗಲವಾದ, ಒಂದೇ ಮಗ್ಗುಲಲ್ಲಿ ಇಳಿಜಾರಾಗಿ ಮಸೆದ ಬಾಯಿಯುಳ್ಳ ಕತ್ತಿಯು ಯೋಗ್ಯವಾದುದು. ಬಾಯಿ ಮೊಂಡಾಗಿದ್ದರೆ ತೊಗಲು ಕೊಯ್ಯಲ್ಪಡದೆ ಜಗ್ಗಿ ಸುಕ್ಕಾಗುವುದು. ಕತ್ತಿಯನ್ನು ಬಹುಮಟ್ಟಿಗೆ ಮಲಗಿಸಿ ನಡೆಯಿಸಬೇಕಾದುದರಿಂದ ಅಡಿಯಲ್ಲಿ ಕದಲದ ಕೊರಡೊಂದು ಅವಶ್ಯಕ, ಅಡಿಗೂಂಟದ ಪ್ರಯೋಜನವಿದೇ. ಕೈಯುಳಿಯ ಸರದಿ ಅನಂತರದ್ದು. ಅದು ಹೆರೆಯುವುದಿಲ್ಲ, ದಾರಕ್ಕೆ ರಂಧ್ರಮಾಡುತ್ತದೆ. ಅಮರಕೋಶದ ಶೂದ್ರವರ್ಗದಲ್ಲಿ ಹೇಳಿರುವ ‘ಆರಾ’ ಈ ಜಾತಿಯದೇ. ಆದುದರಿಂದ ಇಲ್ಲಿ ‘ಉಳಿ’ ಎಂದೊಡನೆ ಶಿಲ್ಪಿಯ ಉಳಿಯನ್ನು ಭಾವಿಸುವುದು ಸಲ್ಲದು.

ಈ ಮೂರಕ್ಕೆ ಅಡಿಯಾಗಬಾರದೆಂಬ ಅಂಕಿತದ ಎಚ್ಚರಿಕೆಯನ್ನು ಕಾಯಕದ ತಿರಸ್ಕಾರವೆಂದು ತಿಳಿಯಲಾಗದು. ಆಧಾರ, ಛೇದನ, ವೇಧನಗಳ ಮರ್ಮವನ್ನು ಕೈಯಾರೆ ಬಲ್ಲವನು, ಅವುಗಳಿಗೆ ಅಧೀನನಾಗದೆ ನಿಲ್ಲಬೇಕೆಂದು ತನಗೆ ತಾನೇ ಹೇಳಿಕೊಂಡ ಮಾತದು.